‘ವೈಯಕ್ತಿಕ ಕಾರಣ’ ಅಂತ ಬರೆದು ಫೈಲ್ ಮುಚ್ಚಬೇಡಿ

ಸಂಪಾದಕರೇ, ನಮಸ್ಕಾರ.

ಮೊನ್ನೆ ನಿಮ್ಮ ಪೇಪರ್‌ನಲ್ಲಿ ಉದ್ಯೋಗ ಮೇಳದ ಫೋಟೊ ಹಾಕಿದ್ರಿ. ಕೈಯಲ್ಲಿ ಆಫರ್ ಲೆಟರ್ ಹಿಡ್ಕೊಂಡು ಸಾಲಾಗಿ ನಿಂತಿರೋ ಹುಡುಗ ಹುಡುಗೀರು, ಮುಂದೆ ವೀಲ್‌ಚೇರ್ ಮೇಲೆ ಒಬ್ಬ ಹುಡುಗ, ಪಕ್ಕದಲ್ಲಿ ಕಂಪನಿಯವರು, ಎಲ್ರ ಮುಖದಲ್ಲೂ ನಗು. ನೋಡಿ ನಿಜವಾಗ್ಲೂ ಖುಷಿ ಆಯ್ತು. ಆದ್ರೆ ನಾನು ಪೀಣ್ಯ ಕಡೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಎಚ್‌ಆರ್ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದೋಳು, ಇಂಥ ಫೋಟೊ ನೋಡಿದ್ರೆ ನಂಗೆ ತಕ್ಷಣ ನೆನಪಾಗೋದು ನಮ್ಮ ಆಫೀಸಲ್ಲಿದ್ದ ಇನ್ನೊಂದು ರಿಜಿಸ್ಟರ್. ಕೆಲಸ ಬಿಟ್ಟೋರ ರಿಜಿಸ್ಟರ್. ಹೆಸರು, ಟೋಕನ್ ನಂಬರು, ಸೇರಿದ ದಿನ, ಬಿಟ್ಟ ದಿನ, ಕೊನೇಲಿ ‘ಕಾರಣ’ ಅಂತ ಒಂದು ಕಾಲಮ್ಮು. ಆ ಕಾಲಮ್ಮಲ್ಲಿ ಪುಟಗಟ್ಟಲೆ ಒಂದೇ ಮಾತಿದೆ, ನನ್ನದೇ ಕೈಬರಹದಲ್ಲಿ. ‘ವೈಯಕ್ತಿಕ ಕಾರಣ’.

ಆ ಎರಡು ಪದದ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಮನಸಲ್ಲಿತ್ತು.

ಒಬ್ಬಳ ವಿಷಯ ಪೂರ್ತಿ ಹೇಳ್ತೀನಿ. ಪಾವಗಡ ಕಡೆಯ ಹುಡುಗಿ, ಹುಟ್ಟಿನಿಂದ ಕಿವಿ ಕೇಳ್ಸಲ್ಲ, ಮಾತೂ ಬರಲ್ಲ, ಓದು ಬರಹ ಚೆನ್ನಾಗಿ ಬರ್ತಿತ್ತು. ಅವಳನ್ನ ಫೈನಲ್ ಚೆಕಿಂಗ್‌ಗೆ ತಗೊಂಡ್ವಿ. ಶರ್ಟು ಟೇಬಲ್ ಮೇಲೆ ಬಂದ್ರೆ ಅವಳ ಕೈ ಮೊದಲು ಕಾಲರ್ ತುದಿಗೆ, ಆಮೇಲೆ ಬಟನ್ ಪಟ್ಟಿ, ಕಫ್ಫು, ಕೊನೆಗೆ ಸೈಡ್ ಹೊಲಿಗೆ ಮೇಲೆ ಬೆರಳಾಡಿಸ್ಕೊಂಡು ಹೋಗೋದು, ಎಲ್ಲಿ ಒಂದು ಹೊಲಿಗೆ ಬಿಟ್ಟಿದ್ಯೋ ಅಲ್ಲಿ ಬೆರಳು ನಿಂತ್ಬಿಡೋದು, ಕೆಂಪು ಬಾಣದ ಸ್ಟಿಕ್ಕರ್ ಅಂಟ್ಸಿ ಪಕ್ಕಕ್ಕೆ ಹಾಕೋಳು. ಅವಳು ಪಾಸ್ ಮಾಡಿದ ಪೀಸು ವಾಪಸ್ ಬಂದಿದ್ದು ನಾನು ನೋಡ್ಲಿಲ್ಲ. ಇಂಥವಳಿಗೆ ಮೂರು ತಿಂಗಳಲ್ಲಿ ಎರಡು ಮೆಮೊ ಬಂತು. ಒಂದು, ಓಟಿ (ಡ್ಯೂಟಿ ಮುಗಿದ ಮೇಲಿನ ಹೆಚ್ಚುವರಿ ಕೆಲಸ) ಇದ್ದಾಗ ಹೇಳ್ದೆ ಮನೆಗೆ ಹೋದಳು ಅಂತ, ಇನ್ನೊಂದು ಬೆಳಗ್ಗೆ ಲೈನ್ (ಅಂದ್ರೆ ಒಂದು ಸಾಲಿನ ಮಷೀನಿನೋರ) ಮೀಟಿಂಗ್‌ಗೆ ಬರ್ಲಿಲ್ಲ ಅಂತ.

ಎರಡನೇ ಮೆಮೊ ಹಿಡ್ಕೊಂಡು ನನ್ನ ಟೇಬಲ್ ಹತ್ರ ಬಂದು ನಿಂತಳು. ಅದೇ ಹಾಳೆ ಹಿಂದೆ ನಾನು ‘ಓಟಿ ದಿನ ಯಾಕೆ ಹೋದೆ?’ ಅಂತ ಬರೆದೆ. ನನ್ನ ಕೈಯಿಂದ ಪೆನ್ನು ಇಸ್ಕೊಂಡು ಕೆಳಗೆ ಬರೆದಳು: ‘ಯಾರೂ ಹೇಳ್ಲಿಲ್ಲ. ಬಸ್ಸಿಗೆ ಟೈಮ್ ಆಯ್ತು, ಹೋದೆ.’

ನಮ್ಮಲ್ಲಿ ಓಟಿ ಅನೌನ್ಸ್ ಮಾಡ್ತಿದ್ದಿದ್ದು ಮೈಕಲ್ಲಿ. ಮೀಟಿಂಗ್‌ಗೆ ಕರೀತಿದ್ದಿದ್ದೂ ಮೈಕಲ್ಲಿ. ಅದಾಗಿ ಸ್ವಲ್ಪ ದಿನಕ್ಕೆ ಫೈರ್ ಡ್ರಿಲ್ ಆಯ್ತು, ಸೈರನ್ ಹೊಡೀತು, ಫ್ಲೋರ್ ಪೂರ್ತಿ ಖಾಲಿಯಾಗಿ ಎಲ್ರೂ ಕೆಳಗಡೆ ಗೇಟ್ ಹತ್ರ ಹೋಗಿ ನಿಂತ್ರು. ಅವಳು ಆಗ ಟಾಯ್ಲೆಟ್‌ನಲ್ಲಿದ್ದಳು. ಹೊರಗೆ ಬಂದು ನೋಡಿದ್ರೆ ಇನ್ನೂರು ಮಷೀನು, ಒಬ್ರೂ ಇಲ್ಲ. ಹೆಡ್ ಕೌಂಟ್‌ನಲ್ಲಿ ಒಬ್ರು ಕಮ್ಮಿ ಬಂದಾಗ ಸೆಕ್ಯುರಿಟಿಯವರು ಮೇಲೆ ಹೋಗಿ ಕರ್ಕೊಂಡು ಬಂದ್ರು, ಬರುವಾಗ ಆ ಹುಡುಗಿ ಮೈಯೆಲ್ಲಾ ನಡುಗ್ತಾ ಇತ್ತು. ಆ ತಿಂಗಳ ಸಂಬಳ ತಗೊಂಡವಳು ಮತ್ತೆ ಬರ್ಲಿಲ್ಲ. ರಿಜಿಸ್ಟರಲ್ಲಿ ನಾನು ಏನು ಬರೆದೆ ಅಂತ ನಿಮಗೆ ಗೊತ್ತೇ ಇದೆ.

ಅವಳನ್ನ ಉಳಿಸ್ಕೊಳ್ಳೋಕೆ ಏನು ಬೇಕಿತ್ತು ಹೇಳಿ? ಸೈರನ್ ಜೊತೆ ಮಿನುಗೋ ಕೆಂಪು ಲೈಟು, ಟಾಯ್ಲೆಟ್ ಒಳಗೂ ಒಂದು. ಓಟಿ ಇದೆ ಇಲ್ಲ ಅಂತ ಬರೆಯೋಕೆ ಲೈನ್ ತಲೆಯಲ್ಲಿ ಒಂದು ಬೋರ್ಡು. ಸೂಪರ್‌ವೈಸರ್‌ಗೆ ‘ಭುಜ ತಟ್ಟಿ ಕರೀರಿ, ಎದುರಿಗೆ ನಿಂತು ಮಾತಾಡಿ’ ಅಂತ ಹೇಳ್ಕೊಡೋಕೆ ಹತ್ತು ನಿಮಿಷ. ನಮ್ಮ ಎಲೆಕ್ಟ್ರಿಷಿಯನ್ ಅರ್ಧ ದಿನದಲ್ಲಿ ಮಾಡಿ ಮುಗಿಸ್ತಿದ್ದ ಕೆಲಸ. ಒಂದೂವರೆ ವರ್ಷ ಆದ್ಮೇಲೆ ಮಾಡಿದ್ವಿ, ಬೈಯರ್, ಅಂದ್ರೆ ನಮ್ಮ ಬಟ್ಟೆ ಕೊಳ್ಳೋ ಕಂಪನಿ ಕಡೆಯಿಂದ ಆಡಿಟ್‌ಗೆ ಬಂದೋರು ಕೇಳಿದ್ರು ಅಂತ. ಅಷ್ಟೊತ್ತಿಗೆ ಆ ಫ್ಲೋರಲ್ಲಿ ಕಿವಿ ಕೇಳದೋರು ಯಾರೂ ಉಳಿದಿರ್ಲಿಲ್ಲ.

ಇದು ದಯೆ ದಾಕ್ಷಿಣ್ಯದ ಮಾತೂ ಅಲ್ಲ, ಕಾನೂನೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂದ್ರೆ ನಮ್ಮೋರು ಸರ್ಕಾರಿ ಕೆಲಸದ 4 ಪರ್ಸೆಂಟ್ ಮೀಸಲಾತಿ ಒಂದೇ ಅಂದ್ಕೊಂಡಿದ್ದಾರೆ. ಅದೇ ಕಾಯ್ದೆ ಪ್ರಕಾರ ಖಾಸಗಿ ಸಂಸ್ಥೆನೂ ಸಮಾನ ಅವಕಾಶದ ನೀತಿ ಅಂತ ಬರೆದು ಎಲ್ರಿಗೂ ಕಾಣೋ ಹಾಗೆ ಹಾಕ್ಬೇಕು, ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ರೆ ಅದ್ರಲ್ಲಿ ಏನೇನು ಸೌಲಭ್ಯ ಕೊಡ್ತೀವಿ, ಇದನ್ನ ನೋಡ್ಕೊಳ್ಳೋ ಅಧಿಕಾರಿ ಯಾರು ಅನ್ನೋದೂ ಇರ್ಬೇಕು. ಒಬ್ಬೊಬ್ರಿಗೆ ಬೇಕಾದ ಸೂಕ್ತ ಅನುಕೂಲ ಮಾಡ್ಕೊಡದೇ ಇರೋದನ್ನೂ ಈ ಕಾಯ್ದೆ ತಾರತಮ್ಯ ಅಂತಾನೇ ಹೇಳುತ್ತೆ. ಬರೆಯುವಾಗ ಕೈ ಸೆಟೆದುಕೊಳ್ಳೋ ತೊಂದರೆ ಇದ್ದ ಒಬ್ಬ ಅಭ್ಯರ್ಥಿಗೆ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಅವರ ಬದಲು ಉತ್ತರ ಬರೆಯೋರನ್ನ ಕೊಡಲ್ಲ ಅಂದಾಗ, ಕೊಡ್ಲೇಬೇಕು ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೇ ಆಧಾರದ ಮೇಲೆ. 2011ರ ಜನಗಣತಿ ಲೆಕ್ಕದಲ್ಲಿ ನಮ್ಮ ರಾಜ್ಯದಲ್ಲೇ 13 ಲಕ್ಷಕ್ಕಿಂತ ಹೆಚ್ಚು ಅಂಗವಿಕಲರಿದ್ದಾರೆ, ಅದೂ 1995ರ ಹಳೇ ಕಾಯ್ದೆಯ ಕಾಲದ ಎಣಿಕೆ, ಈಗ ಕಾಯ್ದೆಯಲ್ಲೇ 21 ಬಗೆಯ ವೈಕಲ್ಯ ಸೇರಿದೆ. ‘ಜನ ಸಿಗ್ತಿಲ್ಲ’ ಅಂತ ಮ್ಯಾನೇಜ್‌ಮೆಂಟ್ ಮೀಟಿಂಗಲ್ಲಿ ಹೇಳೋದು ಕೇಳಿದಾಗೆಲ್ಲಾ ನಂಗೆ ಆ ಹುಡುಗಿ ಬೆರಳು ನೆನಪಾಗ್ತಿತ್ತು.

ಕೆಲವು ಸಲ ಜನ ಬಿಟ್ಟು ಹೋಗೋ ಕಾರಣ ಗೇಟಿನ ಒಳಗಡೆ ಇರೋದೇ ಇಲ್ಲ. 2017ರಲ್ಲಿ ಕೊಚ್ಚಿ ಮೆಟ್ರೊ ಶುರುವಾದಾಗ ಇಪ್ಪತ್ತಕ್ಕೂ ಹೆಚ್ಚು ಟ್ರಾನ್ಸ್‌ಜೆಂಡರ್ ಸಮುದಾಯದೋರನ್ನ ಕೆಲಸಕ್ಕೆ ತಗೊಂಡಿದ್ರು, ದೇಶದ ತುಂಬಾ ಸುದ್ದಿ ಆಯ್ತು, ನಮ್ಮ ಕನ್ನಡ ಪೇಪರ್‌ಗಳಲ್ಲೂ ಬಂದಿತ್ತು. ಮೆಟ್ರೊ ಓಡೋಕೆ ಶುರುವಾಗಿ ಸ್ವಲ್ಪೇ ದಿನಕ್ಕೆ ಅವರಲ್ಲಿ ಎಂಟು ಜನ ಕೆಲಸ ಬಿಟ್ರು. ಯಾಕೆ ಅಂದ್ರೆ ಊರಲ್ಲಿ ಯಾರೂ ಬಾಡಿಗೆಗೆ ಮನೆ ಕೊಡ್ಲಿಲ್ಲ. ಲಾಡ್ಜಲ್ಲಿ ಇರೋಣ ಅಂದ್ರೆ ದಿನದ ಬಾಡಿಗೆಗೇ ಸಂಬಳ ಸಾಕಾಗಲ್ಲ. ಕೆಲಸ ಕೊಟ್ಟೋರ ಮನಸ್ಸು ಒಳ್ಳೇದೇ ಇತ್ತು, ಆದ್ರೆ ಡ್ಯೂಟಿ ಮುಗಿದ ಮೇಲೆ ಈ ಜನ ರಾತ್ರಿ ಎಲ್ಲಿ ಮಲಗ್ತಾರೆ ಅಂತ ಮೊದಲೇ ಯೋಚನೆ ಮಾಡಿರ್ಲಿಲ್ಲ. ನಮ್ಮ ಕರ್ನಾಟಕ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ಅಭ್ಯರ್ಥಿಗಳಿಗೆ ಎಲ್ಲಾ ವರ್ಗದಲ್ಲೂ 1 ಪರ್ಸೆಂಟ್ ಮೀಸಲಾತಿ ಕೊಟ್ಟಿತು, ಇಂಥ ನಿಯಮ ಮಾಡಿದ ಮೊದಲ ರಾಜ್ಯ ನಮ್ದು, ಅದು ನಂಗೆ ಬಹಳ ಹೆಮ್ಮೆ. ಆದ್ರೆ ಪೋಸ್ಟಿಂಗ್ ಆದ ತಾಲ್ಲೂಕಲ್ಲಿ ಒಂದು ರೂಮು, ಆಫೀಸಲ್ಲಿ ಭಯ ಇಲ್ದೆ ಹೋಗಿ ಬರೋ ಒಂದು ಟಾಯ್ಲೆಟ್ಟು, ಹೆಸರು ಹಿಡಿದು ಮರ್ಯಾದೆಯಿಂದ ಕರೆಯೋ ಹೆಡ್ ಕ್ಲರ್ಕು, ಇಷ್ಟನ್ನೂ ಆರ್ಡರ್ ಜೊತೆಗೇ ಯೋಚನೆ ಮಾಡ್ಬೇಕು ಅಲ್ವಾ.

ಇನ್ನು ಹೆಂಗಸರ ವಿಷಯ. ಗಾರ್ಮೆಂಟ್ಸ್ ಅಂದ್ರೆ ಹೆಂಗಸರೇ, ಅದ್ರಲ್ಲಿ ಎರಡು ಮಾತಿಲ್ಲ, ಬೆಳಗ್ಗೆ ಎಂಟೂವರೆಗೆ ಪೀಣ್ಯದಲ್ಲೋ ಹೊಸೂರು ರಸ್ತೆಯಲ್ಲೋ ನಿಂತು ನೋಡಿ. ಆದ್ರೆ ಮಷೀನ್ ಮುಂದೆ ಕೂತಿರೋರು ಹೆಂಗಸರು, ಹಿಂದೆ ನಿಂತು ಕೂಗೋರು ಗಂಡಸರು. ನಮ್ಮಲ್ಲಿ ಒಬ್ರು ಅಕ್ಕ ಇದ್ರು, ಹನ್ನೊಂದು ವರ್ಷ ಕಾಲರ್ ಅಟ್ಯಾಚ್ ಮಾಡಿದೋರು, ಶರ್ಟಲ್ಲಿ ಅದೇ ಕಷ್ಟದ ಕೆಲಸ, ಸ್ವಲ್ಪ ಎಳೆದ್ರೆ ಕಾಲರ್ ಒಂದ್ಕಡೆ ವಾಲುತ್ತೆ. ಹೊಸದಾಗಿ ಬಂದ ಸೂಪರ್‌ವೈಸರ್ ಹುಡುಗರಿಗೆ ಯಾವ ಮಷೀನ್ ಯಾವಾಗ ಕೈ ಕೊಡುತ್ತೆ, ಯಾರನ್ನ ಯಾವ ಆಪರೇಷನ್‌ಗೆ (ಹೊಲಿಗೆಯ ಹಂತಕ್ಕೆ) ಕೂರಿಸಿದ್ರೆ ಲೈನ್ ನಿಲ್ಲಲ್ಲ ಅಂತ ಹೇಳ್ಕೊಟ್ಟಿದ್ದೇ ಅವರು. ಅವರನ್ನೇ ಸೂಪರ್‌ವೈಸರ್ ಮಾಡೋಣ ಅಂತ ನಾನು ಎರಡು ಸಲ ಬರೆದು ಕೊಟ್ಟೆ. ಒಂದ್ಸಲ ‘ಲೇಟಾಗಿ ನಿಲ್ಲೋಕಾಗಲ್ಲ’ ಅಂದ್ರು, ಇನ್ನೊಂದ್ಸಲ ‘ಗಟ್ಟಿಯಾಗಿ ಮಾತಾಡೋಕೆ ಬರಲ್ಲ’ ಅಂದ್ರು. ಬೈದ್ರೇನೇ ಪ್ರೊಡಕ್ಷನ್ ಬರೋದು ಅಂತ ನಂಬ್ಕೊಂಡಿರೋ ಕಡೆ ಬಾಯಿ ಮಾಡದೇ ಕೆಲಸ ತೆಗೆಯೋರು ಯಾರಿಗೂ ಕಾಣಲ್ಲ. ಕೊನೆಗೆ ಆ ಅಕ್ಕ ಕೆಲಸ ಬಿಟ್ಟು ಮನೆ ಹತ್ರ ಬ್ಲೌಸ್ ಹೊಲಿಯೋಕೆ ಶುರು ಮಾಡಿದ್ರು, ಅವರು ಹೋದ ಮೇಲೆ ಆ ಲೈನ್ ಎರಡು ತಿಂಗಳು ಟಾರ್ಗೆಟ್ ಮುಟ್ಲಿಲ್ಲ, ಅದಕ್ಕೆ ಬೈಸ್ಕೊಂಡಿದ್ದು ಪಾಪ ಹೆಲ್ಪರ್‌ಗಳು.

ಕಲಿಸಿದ್ರೆ ಏನಾಗುತ್ತೆ ಅನ್ನೋದಕ್ಕೆ ಬೆಂಗಳೂರಲ್ಲೇ ಪುರಾವೆ ಇದೆ. ಶಾಹಿ ಎಕ್ಸ್‌ಪೋರ್ಟ್ಸ್ ಕಾರ್ಖಾನೆಗಳಲ್ಲಿ ಟೈಲರ್ ಹೆಂಗಸರಿಗೆ ಮಾತುಕತೆ, ಸಮಯ ಹೊಂದಿಸೋದು, ದುಡ್ಡಿನ ಲೆಕ್ಕ, ಸಮಸ್ಯೆ ಬಂದಾಗ ಹೆಂಗೆ ಬಿಡಿಸ್ಕೋಬೇಕು ಅನ್ನೋ ತರಬೇತಿ ಕೊಟ್ಟು, ಅಚ್ಯುತ ಅಧ್ವರ್ಯು ಮತ್ತೆ ಅವರ ಜೊತೆಯ ಅರ್ಥಶಾಸ್ತ್ರಜ್ಞರು ಅದನ್ನ ಸರಿಯಾಗಿ ಲೆಕ್ಕ ಹಾಕಿ ನೋಡಿದ್ರು. ಆಸಕ್ತಿ ಇದ್ದೋರ ಹೆಸರು ಬರ್ಕೊಂಡು ಲಾಟರಿ ಎತ್ತಿ ಕೆಲವರಿಗೆ ಕೊಟ್ರು, ಮಿಕ್ಕೋರಿಗೆ ಕೊಡ್ಲಿಲ್ಲ, ಆಮೇಲೆ ಎರಡೂ ಗುಂಪನ್ನ ಹೋಲಿಸಿದ್ರು. ಕಲಿತೋರ ಉತ್ಪಾದನೆ ಜಾಸ್ತಿ ಆಯ್ತು, ಕಷ್ಟದ ಆಪರೇಷನ್‌ಗೆ ಅವರನ್ನ ಹಾಕೋಕೆ ಶುರು ಮಾಡಿದ್ರು, ಕಂಪನಿ ಹಾಕಿದ ದುಡ್ಡಿಗೆ ಹತ್ತಿರ ಹತ್ತಿರ 250 ಪರ್ಸೆಂಟ್ ಲಾಭ ಬಂತು. ಸಂಬಳ ಮಾತ್ರ ಹೇಳ್ಕೊಳ್ಳೋ ಅಷ್ಟು ಏರ್ಲಿಲ್ಲ. ಅದು ನಂಗೆ ಸರಿ ಅನ್ಸಲ್ಲ, ಕಲಿತೋರಿಂದ ಲಾಭ ಬಂದ್ರೆ ಕಲಿತೋರಿಗೂ ಪಾಲು ಬರ್ಬೇಕು, ಇಲ್ಲಾಂದ್ರೆ ಐನೂರು ರೂಪಾಯಿ ಜಾಸ್ತಿ ಕೊಡೋ ಪಕ್ಕದ ಗೇಟಿಗೆ ಹೋಗ್ತಾರೆ, ಹೋಗ್ಲೇಬೇಕು.

ಮಗು ಆದ್ಮೇಲೆ ಬಿಡೋರದ್ದು ಇನ್ನೊಂದು ದೊಡ್ಡ ಗುಂಪು. 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು, ಐವತ್ತು ಜನ ಇರೋ ಕಡೆ ಕ್ರೆಶ್ (ಮಕ್ಕಳನ್ನ ನೋಡ್ಕೊಳ್ಳೋ ಜಾಗ) ಇರ್ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡ್ಕೊಂಡು ಬರಬಹುದು ಅಂತ ಆಯ್ತು. ಸಣ್ಣ ಯೂನಿಟ್‌ನೋರು ಇದನ್ನೇ ಹಿಡ್ಕೊಂಡು ‘ಹೊಸದಾಗಿ ಮದುವೆ ಆದೋರು ಬೇಡ, ಆರು ತಿಂಗಳ ಸಂಬಳ ಕೈಯಿಂದ ಕೊಡ್ಬೇಕಾಗುತ್ತೆ’ ಅಂತ ಇಂಟರ್‌ವ್ಯೂನಲ್ಲೇ ಕಳಿಸಿಬಿಡೋದು ನಾನು ಕಣ್ಣಾರೆ ನೋಡಿದೀನಿ. ಇದು ತಪ್ಪು ಲೆಕ್ಕ ಸ್ವಾಮಿ. ತಿಂಗಳಿಗೆ 21 ಸಾವಿರದ ಒಳಗೆ ಸಂಬಳ ಇದ್ದು ಇಎಸ್‌ಐ (ಕಾರ್ಮಿಕರ ವಿಮೆ) ಕಟ್ತಾ ಇರೋ ಹೆಣ್ಣುಮಗಳಿಗೆ ಹೆರಿಗೆ ದುಡ್ಡು ಕೊಡೋದು ಇಎಸ್‌ಐ ಕಾರ್ಪೊರೇಷನ್ನು, ಮಾಲೀಕ ಅಲ್ಲ. ನಮ್ಮ ಟೈಲರ್‌ಗಳು, ಹೆಲ್ಪರ್‌ಗಳು ಎಲ್ಲಾ ಈ ಲೆಕ್ಕದೊಳಗೇ ಬರ್ತಾರೆ. ಗೊತ್ತಿಲ್ದೆ ಹೇಳ್ತಾರೋ ಗೊತ್ತಿದ್ದೂ ಹೇಳ್ತಾರೋ, ಅಂತೂ ಹುಡುಗೀರು ಕೆಲಸ ಕಳ್ಕೊಳ್ತಾರೆ.

ಕ್ರೆಶ್ ಇದ್ದ ಕಡೆಯದ್ದೂ ಹೇಳ್ಬೇಕು. ನಮ್ಮ ಕಾರ್ಖಾನೆಯಲ್ಲಿ ಕ್ರೆಶ್ ಇತ್ತು, ಗೋಡೆ ಮೇಲೆ ಆನೆ, ಚಿಟ್ಟೆ, ಅಆಇಈ ಎಲ್ಲಾ ಬರೆಸಿದ್ರು, ತೊಟ್ಟಿಲೂ ಇತ್ತು. ಇದ್ದಿದ್ದು ಗ್ರೌಂಡ್ ಫ್ಲೋರಿನ ಹಿಂದುಗಡೆ, ಹೊಲಿಗೆ ಲೈನು ಮೂರನೇ ಮಹಡಿ. ಹೆಂಗಸರಿಗೆ ಲಿಫ್ಟ್ ಹತ್ತಂಗಿಲ್ಲ, ಅದು ಮಾಲಿಗೆ ಮಾತ್ರ. ಇಳಿದು, ಹಾಲು ಕುಡಿಸಿ, ಮತ್ತೆ ಹತ್ತಿ ಬರೋದ್ರೊಳಗೆ ಮಷೀನ್ ಮುಂದೆ ಪೀಸು ರಾಶಿ ಬಿದ್ದಿರೋದು, ಮುಂದಿನ ಮಷೀನಿನೋಳು ಕೆಲಸ ಇಲ್ದೆ ಕೂತಿರೋಳು, ಸೂಪರ್‌ವೈಸರ್ ಬಾಯಿ ಶುರುವಾಗೋದು. ಎದೆಹಾಲು ಸೀರೆಗೆ ಅಂಟಿಕೊಂಡಿದ್ರೂ ಕೆಳಗೆ ಹೋಗದೇ ಕೂತಿದ್ದೋರು ನಂಗೆ ಗೊತ್ತು. ಹದಿನೈದು ದಿನ ಹಂಗೆ ಕೂತ್ರು, ಹದಿನಾರನೇ ದಿನ ಬರ್ಲಿಲ್ಲ. ನಾಲ್ಕು ಸಲ ಹೋಗೋ ಹಕ್ಕು ನಿಜವಾಗ್ಬೇಕು ಅಂದ್ರೆ ಆ ತಾಯಂದಿರ ಟಾರ್ಗೆಟ್ ಅಷ್ಟು ಕಮ್ಮಿ ಮಾಡಿ, ಪಕ್ಕದಲ್ಲಿ ಒಬ್ಬ ಫ್ಲೋಟರ್ ಟೈಲರ್ (ಯಾರು ಎದ್ದು ಹೋದ್ರೂ ಅವರ ಜಾಗದಲ್ಲಿ ಕೂರೋರು) ಇಟ್ಕೊಳ್ಳಿ, ಅವರ ಲೈನ್‌ನ ಕೆಳಗಿನ ಮಹಡಿಗೆ ತನ್ನಿ.

ಇದೇ ಮಾತು ಋತುಚಕ್ರದ ರಜೆಗೂ. ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ ಅಂತ ರಾಜ್ಯ ಸರ್ಕಾರ 2025ರಲ್ಲಿ ತೀರ್ಮಾನ ಮಾಡಿತು, ಖಾಸಗಿಯೋರಿಗೂ ಸೇರಿಸಿ. ತುಂಬು ಮನಸ್ಸಿಂದ ಸ್ವಾಗತ. ಆದ್ರೆ ಅರವತ್ತು ಜನರ ಲೈನಲ್ಲಿ ದಿನಾ ಇಬ್ರು ಮೂವರು ಈ ರಜೆ ಹಾಕಿದಾಗ ಟಾರ್ಗೆಟ್ ಬೋರ್ಡ್ ಮೇಲಿನ ನಂಬರ್ ಹಂಗೇ ಇದ್ರೆ ಬಂದಿರೋರು ಬರದೇ ಇರೋರನ್ನ ಬೈಕೋತಾರೆ, ಹೆಂಗಸರ ಮಧ್ಯೆನೇ ಜಗಳ ಹತ್ತುತ್ತೆ, ಆಮೇಲೆ ಯಾರೂ ರಜೆ ಕೇಳಲ್ಲ, ‘ನೋಡಿ, ಅವರಿಗೇ ಬೇಡ’ ಅಂತ ಮ್ಯಾನೇಜ್‌ಮೆಂಟ್ ಹೇಳುತ್ತೆ. ರಜೆ ಕೊಟ್ಟ ದಿನ ಬೋರ್ಡಲ್ಲಿ ನಂಬರ್ ಇಳೀಬೇಕು.

ಇನ್ನೊಂದು ಕಾರಣ ಹೊರಗಿನೋರಿಗೆ ಅಷ್ಟಾಗಿ ಗೊತ್ತಿರಲ್ಲ. ಮೇ ಕೊನೆ, ಜೂನ್ ಬಂತು ಅಂದ್ರೆ ನಮ್ಮ ಟೇಬಲ್ ಮೇಲೆ ರಾಜೀನಾಮೆ ಪತ್ರ ರಾಶಿ ಬೀಳ್ತಿತ್ತು. ಮಕ್ಕಳ ಸ್ಕೂಲ್ ಫೀಸು. ಕೆಲಸ ಬಿಟ್ರೆ ಪಿಎಫ್ ದುಡ್ಡು ಪೂರ್ತಿ ಕೈಗೆ ಬರುತ್ತೆ ಅಂತ ಬಿಡೋರು, ಆಮೇಲೆ ಇನ್ನೊಂದು ಫ್ಯಾಕ್ಟರಿಲೋ ಅದೇ ಫ್ಯಾಕ್ಟರಿಲೋ ಹೊಸಬರಾಗಿ ಸೇರೋರು, ಹಳೇ ಸರ್ವಿಸು ಹೋಯ್ತು, ಐದು ವರ್ಷ ತುಂಬದೇ ಗ್ರಾಚ್ಯುಟಿನೂ ಹೋಯ್ತು. 2016ರಲ್ಲಿ ಕೇಂದ್ರ ಸರ್ಕಾರ ಮಾಲೀಕರ ಪಾಲಿನ ಪಿಎಫ್ 58 ವರ್ಷದ ತನಕ ತೆಗೆಯಂಗಿಲ್ಲ ಅಂದಾಗ ಇದೇ ಹೆಂಗಸರು ಏಪ್ರಿಲ್‌ನಲ್ಲಿ ಎರಡು ದಿನ ಬೆಂಗಳೂರಿನ ರಸ್ತೆಗಳನ್ನ ತುಂಬಿಬಿಟ್ರು, ಕೇಂದ್ರ ಆ ನಿಯಮ ವಾಪಸ್ ತಗೊಳ್ತು. ಅವತ್ತು ಟಿವಿ ನೋಡ್ತಿದ್ದ ಎಷ್ಟೋ ಜನಕ್ಕೆ ‘ಇವ್ರಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು’ ಅಂತ ಆಶ್ಚರ್ಯ, ನಂಗೆ ಆಶ್ಚರ್ಯ ಆಗ್ಲಿಲ್ಲ, ಆ ದುಡ್ಡೇ ಅವರ ಮಕ್ಕಳ ಫೀಸು ಅಂತ ಗೊತ್ತಿತ್ತು. ಜೂನ್‌ಗೆ ಮುಂಚೆ ಬಡ್ಡಿ ಇಲ್ದೆ ಒಂದು ತಿಂಗಳ ಅಡ್ವಾನ್ಸ್ ಕೊಟ್ಟಿದ್ರೆ ಎಷ್ಟು ಜನ ಉಳೀತಿದ್ರು.

ಚೆನ್ನಾಗಿ ನಡೀತಿರೋ ಉದಾಹರಣೆ ಕೇಳ್ತೀರಾದ್ರೆ ದೂರ ಹೋಗೋದು ಬೇಡ. ಮಿಟ್ಟಿ ಕೆಫೆ 2017ರಲ್ಲಿ ಶುರುವಾಗಿದ್ದು ನಮ್ಮ ಹುಬ್ಬಳ್ಳಿಯಲ್ಲಿ, ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ. ಅಡುಗೆ ಮಾಡೋರು, ಬಡಿಸೋರು, ಕೌಂಟರಲ್ಲಿ ಕೂರೋರು ಅಂಗವಿಕಲರು, ಬುದ್ಧಿಮಾಂದ್ಯ ಇರೋರೂ ಇದ್ದಾರೆ. ಈಗ ಬೆಂಗಳೂರು ಏರ್‌ಪೋರ್ಟಲ್ಲಿದೆ, 2023ರಲ್ಲಿ ದಿಲ್ಲಿಯ ಸುಪ್ರೀಂ ಕೋರ್ಟ್ ಆವರಣದಲ್ಲೂ ತೆರೆದ್ರು. ಜನಕ್ಕೆ ತಕ್ಕ ಹಾಗೆ ಕೆಲಸದ ಜಾಗ ಹೊಂದಿಸಿದ್ರೆ ಆಗುತ್ತೆ, ಆಗ್ತಾ ಇದೆ. ಕಾರ್ಖಾನೆ ಬೇರೆ, ಕೆಫೆ ಬೇರೆ, ಅದು ಗೊತ್ತು ನಂಗೆ, ಆದ್ರೂ ಒಂದು ಕೆಂಪು ಲೈಟು ಹಾಕೋಕೆ ಅಷ್ಟು ದೊಡ್ಡ ಕಾರ್ಖಾನೆಗೆ ಏನು ಅಡ್ಡಿ?

ಈಗ ನಮ್ಮ ಊರಿನ ಯೂನಿಟ್‌ಗಳಲ್ಲಿ ಒಡಿಶಾ, ಜಾರ್ಖಂಡ್ ಕಡೆಯ ಹೆಣ್ಣುಮಕ್ಕಳು ತುಂಬಾ ಇದ್ದಾರೆ, ಹಾಸ್ಟೆಲಲ್ಲಿ ಇಡ್ತಾರೆ. ಅವರಿಗೆ ಫೈರ್ ಎಕ್ಸಿಟ್ ಬೋರ್ಡು ಕನ್ನಡದ ಜೊತೆ ಒಡಿಯಾದಲ್ಲೂ ಹಿಂದಿಯಲ್ಲೂ ಇರ್ಲಿ, ಜೊತೆಗೆ ವಾರಕ್ಕೆರಡು ಗಂಟೆ ಕನ್ನಡ ಕಲಿಸಿ, ಸಂತೆಯಲ್ಲಿ ಆಸ್ಪತ್ರೆಯಲ್ಲಿ ಯಾರ ಕೈಯನ್ನೂ ಕಾಯದೇ ಮಾತಾಡೋ ಹಾಗೆ. ಸೂಜಿ ಬೆರಳಿಗೆ ಹೊಕ್ಕಾಗ ನೋವಾಗ್ತಿದೆ ಅಂತ ನರ್ಸ್‌ಗೆ ಹೇಳೋಕೆ ಬರದೇ ಅತ್ತ ಹುಡುಗಿ ನೋಡಿದೀನಿ.

ಸಂಪಾದಕರೇ, ಕಂಪನಿಗಳಿಗೆ, ಸರ್ಕಾರಕ್ಕೆ ಹೇಳೋರು ಬಹಳ ಜನ ಇದ್ದಾರೆ. ನಾನು ಕೇಳ್ತಿರೋದು ನಿಮ್ಮನ್ನ. ಆ ಫೋಟೊ ಹಾಕಿದ ತಾರೀಖು ಬರೆದಿಟ್ಕೊಳ್ಳಿ. ಮುಂದಿನ ವರ್ಷ ಅದೇ ತಾರೀಖಿಗೆ ನಿಮ್ಮ ವರದಿಗಾರರನ್ನ ಅದೇ ಕಂಪನಿ ಗೇಟಿಗೆ ಕಳಿಸಿ, ಆ ಫೋಟೊದಲ್ಲಿದ್ದ ಎಷ್ಟು ಜನ ಇನ್ನೂ ಒಳಗಿದ್ದಾರೆ ಅಂತ ಕೇಳಿ. ಒಳಗಿರೋರಲ್ಲಿ ಯಾರಿಗೆ ಬಡ್ತಿ ಆಯ್ತು ಅಂತ ಕೇಳಿ. ಹೊರಗೆ ಹೋದೋರ ಮನೆಗೂ ಹೋಗಿ, ಎಚ್‌ಆರ್ ರಿಜಿಸ್ಟರಲ್ಲಿ ಏನು ಬರೆದಿದ್ದಾರೆ ಅನ್ನೋದನ್ನ ಪಕ್ಕಕ್ಕಿಟ್ಟು ಅವರ ಬಾಯಿಂದಲೇ ಕೇಳಿ. ಬಸ್ಸು ಸಿಗ್ಲಿಲ್ವಾ, ಟಾಯ್ಲೆಟ್ ಇರ್ಲಿಲ್ವಾ, ಮಗು ನೋಡ್ಕೊಳ್ಳೋರು ಇರ್ಲಿಲ್ವಾ, ಮನೆ ಸಿಗ್ಲಿಲ್ವಾ, ಸೂಪರ್‌ವೈಸರ್ ಬೈದ್ರಾ. ಬಂದ ಉತ್ತರ ಅದೇ ಪುಟದಲ್ಲಿ, ಅಷ್ಟೇ ದೊಡ್ಡದಾಗಿ ಹಾಕಿ. ಆ ವೀಲ್‌ಚೇರ್ ಹುಡುಗನಿಂದಲೇ ಶುರು ಮಾಡಿ, ಅವನಿಗೆ ಕೆಲಸ ಕೊಟ್ಟ ಬಿಲ್ಡಿಂಗ್‌ಗೆ ರ‍್ಯಾಂಪ್ ಇದ್ಯಾ ಅಂತ ನೋಡೋಕೆ ಒಂದು ವರ್ಷ ಕಾಯೋದೂ ಬೇಡ, ನಾಳೆನೇ ಹೋಗಿ ನೋಡಬಹುದು.

ಇಂತಿ,
ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಮಾಜಿ ಎಚ್‌ಆರ್ ಸಿಬ್ಬಂದಿ,
ದಾಸರಹಳ್ಳಿ, ಬೆಂಗಳೂರು